ಎದೆಯ ರಿಪೋರ್ಟ್ ಓದುವುದು ಹೇಗೆ: ಓಪಿ ಚೀಟಿಯಿಂದ ಸಿಟಿ ಸ್ಕ್ಯಾನ್‌ವರೆಗೆ

ಮಂಗಳೂರು ಇರಲಿ, ಮಣಿಪಾಲ ಇರಲಿ, ದೊಡ್ಡ ಆಸ್ಪತ್ರೆಯ ರಿಪೋರ್ಟ್ ಕೌಂಟರ್ ಎದುರು ಸ್ವಲ್ಪ ಹೊತ್ತು ಕೂತರೆ ಇದು ಕಾಣುತ್ತದೆ. ಕವರ್ ಕೈಗೆ ಬಂದ ಕೂಡಲೇ ಜನ ಕೊನೆಯ ಸಾಲಿಗೆ ಹಾರುತ್ತಾರೆ. ಅಲ್ಲಿರುವ ಇಂಗ್ಲಿಷ್ ಶಬ್ದವನ್ನು ಮೊಬೈಲಿನಲ್ಲಿ ಹುಡುಕುತ್ತಾರೆ. ಎಲ್ಲೋ ಒಂದು ಕಡೆ ಕ್ಯಾನ್ಸರ್ ಅಂತ ಕಾಣುತ್ತದೆ. ಡಾಕ್ಟರ ಹತ್ತಿರ ಸರದಿ ಬರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ.

ನಾನು ಮಂಗಳೂರಿನಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸದಲ್ಲಿದ್ದೆ. ಡಾಕ್ಟರು ಹೇಳಿದ್ದನ್ನು ಇಯರ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವುದು. ಅದಕ್ಕೇ ಇರಬೇಕು, ಪರಿಚಯದವರು ಈಗಲೂ ರಿಪೋರ್ಟಿನ ಫೋಟೋ ವಾಟ್ಸಾಪ್ ಮಾಡಿ "ಇದು ಎಂತ ಮಾರಾಯ್ರೆ?" ಅಂತ ಕೇಳುತ್ತಾರೆ. ರೋಗ ಯಾವುದು ಅಂತ ತೀರ್ಮಾನ ಮಾಡುವುದು ಡಾಕ್ಟರ ಕೆಲಸ. ಆದರೆ ಕಾಗದದಲ್ಲಿ ಎಂತ ಬರೆದಿದೆ ಅಂತ ತಿಳಿದುಕೊಳ್ಳುವುದು ನಮ್ಮಿಂದ ಆಗುವಂಥದ್ದು. ಉಸಿರಾಟದ ತೊಂದರೆಯ ಫೈಲ್ ಕೈಯಲ್ಲಿದ್ದರೆ ಹೀಗೆ ಓದುತ್ತಾ ಹೋಗಿ.

ಮೊದಲು: ಶಬ್ದ ಯಾವ ಗುಂಪಿನದ್ದು ನೋಡಿ

ಫೈಲಿನಲ್ಲಿ ಮೂರು ತರದ ಶಬ್ದಗಳಿರುತ್ತವೆ. ರೋಗಿಗೆ ಆಗುವ ತೊಂದರೆ ಒಂದು: ಕೆಮ್ಮು, ಡಿಸ್ಪ್ನಿಯಾ ಅಂದರೆ ಏದುಸಿರು, ಹಿಮಾಪ್ಟಿಸಿಸ್ ಅಂದರೆ ಕೆಮ್ಮಿದಾಗ ರಕ್ತ ಬರುವುದು. ಟೆಸ್ಟಿನಲ್ಲಿ ಕಂಡದ್ದು ಇನ್ನೊಂದು: ಒಪ್ಯಾಸಿಟಿ, ಕನ್ಸಾಲಿಡೇಶನ್, ಎಫ್ಯೂಷನ್, ನಾಡ್ಯೂಲ್. ಮೂರನೆಯದು ಡಾಕ್ಟರು ತೀರ್ಮಾನಿಸಿದ ರೋಗದ ಹೆಸರು: ಅಸ್ತಮಾ, ಸಿಒಪಿಡಿ (ಶ್ವಾಸನಾಳದಲ್ಲಿ ತಡೆ ಕಾಯಂ ಆಗಿ ಉಳಿಯುವ ರೋಗ), ನಿಮೋನಿಯಾ, ಟಿಬಿ.

ನಮ್ಮ ಹೆದರಿಕೆಯ ಮುಕ್ಕಾಲು ಪಾಲು ಬರುವುದು ಎರಡನೇ ಗುಂಪಿನ ಶಬ್ದವನ್ನು ಮೂರನೆಯದ್ದು ಅಂದುಕೊಳ್ಳುವುದರಿಂದ. 'ಒಪ್ಯಾಸಿಟಿ' ರೋಗ ಅಲ್ಲ. ಎಕ್ಸ್‌ರೇಯಲ್ಲಿ ಕಪ್ಪಾಗಿ ಕಾಣಬೇಕಾದ ಜಾಗ ಬೆಳ್ಳಗೆ ಕಂಡಿದೆ, ಅಷ್ಟೇ. ಅದು ಕಫ ಇರಬಹುದು, ನೀರು ಇರಬಹುದು, ಹಳೇ ಗಾಯದ ಕಲೆ ಇರಬಹುದು, ಗಡ್ಡೆಯೂ ಇರಬಹುದು. ಯಾವುದು ಅಂತ ಹೇಳಲು ರೋಗಿಯ ವಯಸ್ಸು, ಜ್ವರ, ಕೆಮ್ಮಿನ ದಿನಗಳು ಎಲ್ಲ ಬೇಕು. ರೇಡಿಯಾಲಜಿ ರಿಪೋರ್ಟಿನ ಕೆಳಗೆ 'ಕ್ಲಿನಿಕಲಿ ಕೊರಿಲೇಟ್' ಅಂತ ಇರುವುದು ಇದಕ್ಕೇ. ಚಿತ್ರದಲ್ಲಿ ಕಂಡದ್ದನ್ನು ಹೇಳಿದ್ದೇವೆ, ರೋಗಿಯನ್ನು ನೋಡಿದ ಡಾಕ್ಟರು ಇದನ್ನು ಹೊಂದಿಸಿ ನೋಡಲಿ ಅಂತ ಅದರ ಅರ್ಥ.

ಓಪಿ ಚೀಟಿ

ಎದೆಯ ಡಾಕ್ಟರ ವಿಭಾಗಕ್ಕೆ ಒಂದೊಂದು ಕಡೆ ಒಂದೊಂದು ಬೋರ್ಡು. ಪಲ್ಮನಾಲಜಿ, ರೆಸ್ಪಿರೇಟರಿ ಮೆಡಿಸಿನ್, ಚೆಸ್ಟ್ ಮೆಡಿಸಿನ್, ಎಲ್ಲ ಒಂದೇ.

ಚೀಟಿಯಲ್ಲಿ ಎಸ್‌ಒಬಿ ಅಂದರೆ ಉಸಿರು ಸಾಲದಿರುವುದು. ಡಿಒಇ ಅಂದರೆ ನಡೆದಾಗ, ಮೆಟ್ಟಿಲು ಹತ್ತಿದಾಗ ಏದುಸಿರು. ಯುಆರ್‌ಟಿಐ ಮೂಗು, ಗಂಟಲಿನ ಸೋಂಕು, ನಾವು ಹೇಳುವ ಶೀತ. ಎಲ್‌ಆರ್‌ಟಿಐ ಅಂದರೆ ಅದು ಎದೆಗೆ ಇಳಿದಿದೆ. ಬಿ/ಎಲ್ ಅಂದರೆ ಎರಡೂ ಬದಿ. ಎನ್‌ವಿಬಿಎಸ್ ಇದ್ದರೆ ಖುಷಿಪಡಿ, ಉಸಿರಿನ ಸದ್ದು ಸರಿ ಇದೆ. 'ರಾಂಕೈ' ಅಂದರೆ ಕೊಳವೆ ಬಿಗಿದೋ ಕಫ ಕಟ್ಟಿಯೋ ಬರುವ ಗೊರಗೊರ. 'ವೀಜ್' ಸಣ್ಣ ಸಿಳ್ಳೆ. 'ಕ್ರೆಪ್ಸ್' ಅಂದರೆ ಒಳಗೆ ಚಟಚಟ ಸದ್ದು. ಸ್ಟೆತೊಸ್ಕೋಪ್ ಬಂದದ್ದು 1816ರಲ್ಲಿ. ಅದನ್ನು ಮಾಡಿದ ಫ್ರೆಂಚ್ ಡಾಕ್ಟರ್ ಲೆನೆಕ್ ಇಟ್ಟ ಹೆಸರುಗಳು ಇವತ್ತಿಗೂ ನಮ್ಮ ಚೀಟಿಯಲ್ಲಿವೆ.

ರೋಗದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದೆಯಾ ನೋಡಿ. ಇದ್ದರೆ ಅದು ಅನುಮಾನ ಮಾತ್ರ. 'ಆರ್/ಒ' ಅಂತ ಇದ್ದರೆ ಆ ರೋಗ ಇಲ್ಲ ಅಂತ ಖಚಿತ ಮಾಡಿಕೊಳ್ಳಲು ಟೆಸ್ಟ್ ಬರೆದಿದ್ದಾರೆ. 'ಡಿಡಿ' ಕೆಳಗೆ ನಾಲ್ಕು ಹೆಸರಿದ್ದರೆ ನಾಲ್ಕೂ ರೋಗ ಇದೆ ಅಂತಲ್ಲ. ಅದರಲ್ಲಿ ಒಂದು ಇರಬಹುದು.

'ಕಾಕ್ಸ್' ಅನ್ನುವ ಶಬ್ದ ಮಾತ್ರ ಗೊತ್ತಿರಲೇಬೇಕು. 'ಪಲ್ಮನರಿ ಕಾಕ್ಸ್', 'ಓಲ್ಡ್ ಕಾಕ್ಸ್' ಅಂತ ಬರೆಯುತ್ತಾರೆ. ಅದು ಟಿಬಿ. 1882ರಲ್ಲಿ ಟಿಬಿಯ ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್ ಹೆಸರು. ರೋಗಿಯ ಎದುರು ಟಿಬಿ ಅಂತ ಬರೆಯಲು ಸಂಕೋಚಪಟ್ಟು ಶುರುವಾದ ಅಭ್ಯಾಸ ಅಂತ ನನ್ನ ಊಹೆ. ಇದರಿಂದ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ. ಅಪ್ಪನಿಗೆ ಹಿಂದೆ ಟಿಬಿ ಆಗಿತ್ತು ಅಂತ ಮನೆಯವರಿಗೇ ಗೊತ್ತಿರುವುದಿಲ್ಲ. ಹೊಸ ಡಾಕ್ಟರು ಕೇಳಿದರೆ "ಇಲ್ಲ" ಅನ್ನುತ್ತಾರೆ.

ಉದ್ದ ಶಬ್ದವನ್ನು ಮುರಿಯಿರಿ

ತಲೆಗೆ ಹಿಡಿಯದ ಶಬ್ದಗಳನ್ನು ತುಂಡು ಮಾಡಿದರೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೊನೆಯಲ್ಲಿ 'ಐಟಿಸ್' ಇದ್ದರೆ ಉರಿಯೂತ. ಬ್ರಾಂಕೈಟಿಸ್ ಶ್ವಾಸನಾಳದ್ದು, ರೈನೈಟಿಸ್ ಮೂಗಿನದ್ದು, ಲ್ಯಾರಿಂಜೈಟಿಸ್ ಧ್ವನಿಪೆಟ್ಟಿಗೆಯದ್ದು. 'ಎಕ್ಟಾಸಿಸ್' ಅಂದರೆ ಹಿಗ್ಗಿದ್ದು. ಬ್ರಾಂಕಿಎಕ್ಟಾಸಿಸ್‌ನಲ್ಲಿ ಶ್ವಾಸನಾಳ ಹಿಗ್ಗಿ ಸಡಿಲಾಗಿರುತ್ತದೆ, ಕಫ ಅಲ್ಲೇ ನಿಲ್ಲುತ್ತದೆ, ಅದಕ್ಕೇ ದಿನವೂ ಕಫ. 'ಸ್ಕೋಪಿ' ಅಂದರೆ ಕ್ಯಾಮೆರಾ ಹಾಕಿ ನೋಡುವುದು. 'ಸೆಂಟೆಸಿಸ್' ಅಂದರೆ ಸೂಜಿ ಹಾಕಿ ನೀರು ತೆಗೆಯುವುದು. 'ಹೈಪೋ' ಕಡಿಮೆ, 'ಹೈಪರ್' ಜಾಸ್ತಿ. 'ಟ್ಯಾಕಿ' ವೇಗ, 'ಬ್ರಾಡಿ' ನಿಧಾನ. 'ಪ್ನಿಯಾ' ಉಸಿರು. ಹಾಗಾಗಿ ಟ್ಯಾಕಿಪ್ನಿಯಾ ಅಂದರೆ ವೇಗದ ಉಸಿರು, ಅಪ್ನಿಯಾ ಅಂದರೆ ಉಸಿರು ನಿಲ್ಲುವುದು. ಗೊರಕೆ ಹೊಡೆಯುವವರಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದೇ ಸ್ಲೀಪ್ ಅಪ್ನಿಯಾ. ಆ ರಿಪೋರ್ಟಿನಲ್ಲಿ ಎಎಚ್‌ಐ ಅನ್ನುವ ಅಂಕಿ ನೋಡಿ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕಡಿಮೆಯಾಯಿತು ಅಂತ ಅದು. 5ಕ್ಕಿಂತ ಕೆಳಗೆ ಸಾಮಾನ್ಯ, 30 ಮತ್ತು ಮೇಲೆ ತೀವ್ರ.

ತುಂಡು ಮಾಡಿದರೂ ಮೋಸ ಹೋಗುವ ಜೋಡಿಗಳಿವೆ. ನಿಮೋನಿಯಾ ಶ್ವಾಸಕೋಶದ ಸೋಂಕು. ನಿಮೋಥೊರಾಕ್ಸ್ ಅಂದರೆ ಶ್ವಾಸಕೋಶದ ಹೊರಗೆ ಗಾಳಿ ಸೇರಿ ಅದು ಕುಗ್ಗುವುದು. ಎರಡೂ ಬೇರೆ ಬೇರೆ ತೊಂದರೆ.

ಇದಕ್ಕಿಂತ ದೊಡ್ಡ ಗೊಂದಲ 'ಶ್ವಾಸಕೋಶದಲ್ಲಿ ನೀರು'. ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ, ಫೈಲಿನಲ್ಲಿ ಅದು ಎರಡು ಬೇರೆ ತೊಂದರೆ. ಪ್ಲೂರಲ್ ಎಫ್ಯೂಷನ್ ಅಂದರೆ ಶ್ವಾಸಕೋಶದ ಹೊರಗೆ, ಅದರ ಪೊರೆಗಳ ನಡುವೆ ನೀರು. ಟಿಬಿ, ನಿಮೋನಿಯಾ, ಹೃದಯ, ಕಿಡ್ನಿ, ಕ್ಯಾನ್ಸರ್, ಕಾರಣ ಏನೂ ಇರಬಹುದು. ಬೆನ್ನಿಗೆ ಸೂಜಿ ಹಾಕಿ ಸ್ವಲ್ಪ ನೀರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಆ ರಿಪೋರ್ಟಿನಲ್ಲಿ ಎಡಿಎ ಅನ್ನುವ ಅಂಕಿ ಜಾಸ್ತಿ ಇದ್ದರೆ ಟಿಬಿಯ ಅನುಮಾನ ಬಲವಾಗುತ್ತದೆ. ಪಲ್ಮನರಿ ಎಡೀಮಾ ಅಂದರೆ ಗಾಳಿ ತುಂಬುವ ಚೀಲಗಳ ಒಳಗೇ ನೀರು. ಹೆಚ್ಚಾಗಿ ಹೃದಯದ ತೊಂದರೆಯಿಂದ ಬರುತ್ತದೆ. ಅದಕ್ಕೆ ಸೂಜಿ ಅಲ್ಲ, ಮೂತ್ರದಲ್ಲಿ ನೀರು ಹೊರಗೆ ಹೋಗುವಂಥ ಮದ್ದು. "ಅವರಿಗೆ ಸೂಜಿಯಲ್ಲಿ ನೀರು ತೆಗೆದ್ರು, ನಮ್ಮ ಅಮ್ಮನಿಗೆ ಯಾಕೆ ತೆಗೀಲಿಲ್ಲ?" ಅಂತ ಕೇಳುವ ಮೊದಲು ಯಾವ ನೀರು ಅಂತ ನೋಡಿ.

ಎಕ್ಸ್‌ರೇ ಮತ್ತು ಸಿಟಿ

ಎಕ್ಸ್‌ರೇ ರಿಪೋರ್ಟಿನ ತಲೆಯಲ್ಲಿ 'ಪಿಎ ವ್ಯೂ' ಅಥವಾ 'ಎಪಿ ವ್ಯೂ' ಇರುತ್ತದೆ. ನಿಂತು, ಎದೆಯನ್ನು ಹಲಗೆಗೆ ಒತ್ತಿ, ಹಿಂದಿನಿಂದ ತೆಗೆದದ್ದು ಪಿಎ. ಹಾಸಿಗೆಯಲ್ಲಿದ್ದವರಿಗೆ ಮುಂದಿನಿಂದ ತೆಗೆಯುವುದು ಎಪಿ. ಎಪಿಯಲ್ಲಿ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಐಸಿಯುವಿನಲ್ಲಿ ತೆಗೆದ ಫಿಲ್ಮಿನಲ್ಲಿ 'ಕಾರ್ಡಿಯೋಮೆಗಾಲಿ', ಅಂದರೆ ಹೃದಯ ದೊಡ್ಡದಾಗಿದೆ, ಅಂತ ಇದ್ದರೆ ಇದು ನೆನಪಿರಲಿ. ಫಿಲ್ಮನ್ನು ಬೆಳಕಿಗೆ ಹಿಡಿದಾಗ ನಿಮ್ಮ ಎಡಕ್ಕೆ ಕಾಣುವುದು ರೋಗಿಯ ಬಲಭಾಗ.

'ಪ್ರಾಮಿನೆಂಟ್ ಬ್ರಾಂಕೋವ್ಯಾಸ್ಕುಲರ್ ಮಾರ್ಕಿಂಗ್ಸ್' ಅನ್ನುವುದು ಬಹಳ ರಿಪೋರ್ಟುಗಳಲ್ಲಿ ಬರುತ್ತದೆ. ಶ್ವಾಸನಾಳ, ರಕ್ತನಾಳಗಳ ಗೆರೆ ಸ್ವಲ್ಪ ಎದ್ದು ಕಂಡಿವೆ. ಬೇರೇನೂ ಬರೆಯದೆ ಇದೊಂದೇ ಇದ್ದರೆ ನಿದ್ದೆಗೆಡುವ ವಿಷಯ ಅಲ್ಲ. 'ಸಿಪಿ ಆ್ಯಂಗಲ್ ಬ್ಲಂಟೆಡ್' ಅಂದರೆ ಶ್ವಾಸಕೋಶದ ಬುಡದ ಮೂಲೆ ಚೂಪಾಗಿ ಕಾಣುತ್ತಿಲ್ಲ, ಸ್ವಲ್ಪ ನೀರು ಇರಬಹುದು. 'ಕನ್ಸಾಲಿಡೇಶನ್' ಅಂದರೆ ಗಾಳಿ ಇರಬೇಕಾದಲ್ಲಿ ದ್ರವವೋ ಕೀವೋ ತುಂಬಿದೆ. ಜ್ವರ, ಕಫದ ಜೊತೆ ಇದು ಬಂದರೆ ಹೆಚ್ಚಾಗಿ ನಿಮೋನಿಯಾ. 'ಫೈಬ್ರೋಟಿಕ್', 'ಕ್ಯಾಲ್ಸಿಫೈಡ್', 'ಹೀಲ್ಡ್' ಅನ್ನುವವು ಸಾಮಾನ್ಯವಾಗಿ ಹಳೇ ಕಥೆ ಹೇಳುತ್ತವೆ. ಹಿಂದೆ ಏನೋ ಆಗಿ ಮಾಗಿದೆ ಅಂತ. ಇಲ್ಲಿ ಹಳೇ ಎಕ್ಸ್‌ರೇ ಬಂಗಾರ. ಐದು ವರ್ಷದ ಹಿಂದಿನ ಫಿಲ್ಮಿನಲ್ಲೂ ಅದೇ ಕಲೆ ಅಷ್ಟೇ ದೊಡ್ಡದಿದ್ದರೆ ಡಾಕ್ಟರಿಗೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಎಚ್‌ಆರ್‌ಸಿಟಿ ಅಂದರೆ ಶ್ವಾಸಕೋಶವನ್ನು ತೆಳು ತೆಳು ಪದರಗಳಾಗಿ ತೋರಿಸುವ ಸ್ಕ್ಯಾನ್. ಕೋವಿಡ್ ಸಮಯದಲ್ಲಿ 'ಜಿಜಿಒ' ಶಬ್ದ ಎಲ್ಲರ ಬಾಯಲ್ಲೂ ಇತ್ತು, ಅಲ್ವಾ? ಗ್ರೌಂಡ್ ಗ್ಲಾಸ್ ಒಪ್ಯಾಸಿಟಿ. ಬಾತ್‌ರೂಮ್ ಕಿಟಕಿಯ ಮಬ್ಬು ಗಾಜಿನ ಹಾಗೆ ಕಾಣುವ ಭಾಗ. ಅದು ಕೋವಿಡ್ ಒಂದರದ್ದೇ ಅಲ್ಲ, ಬೇರೆ ಸೋಂಕು, ಅಲರ್ಜಿ, ಎಡೀಮಾ ಎಲ್ಲದರಲ್ಲೂ ಬರುತ್ತದೆ. 'ಹನಿಕೋಂಬಿಂಗ್' ಬೇರೆ. ಶ್ವಾಸಕೋಶ ಗಟ್ಟಿಯಾಗಿ, ಸಣ್ಣ ಸಣ್ಣ ತೂತುಗಳಾಗಿ ಬದಲಾಗಿದೆ ಅಂತ ಅರ್ಥ. ಐಎಲ್‌ಡಿ ಅನ್ನುವ ರೋಗಗಳ ಗುಂಪಿನಲ್ಲಿ ಬರುವ ಶಬ್ದ. ಇದು ಕಂಡರೆ ಎದೆಯ ಡಾಕ್ಟರನ್ನು ತಡಮಾಡದೆ ನೋಡಿ.

'ನಾಡ್ಯೂಲ್' ಅಂದರೆ 3 ಸೆಂಟಿಮೀಟರ್‌ವರೆಗಿನ ದುಂಡು ಚುಕ್ಕೆ. ಕೆಲವೇ ಮಿಲಿಮೀಟರಿನ ನಾಡ್ಯೂಲ್‌ಗಳಲ್ಲಿ ಹೆಚ್ಚಿನವು ನಿರಪಾಯ. ಆದರೆ ಬೀಡಿ, ಸಿಗರೇಟು ಸೇದುವವರು ಸುಮ್ನೆ ಬಿಡುವಂತಿಲ್ಲ. ಮತ್ತೆ ಯಾವಾಗ ಸ್ಕ್ಯಾನ್ ಮಾಡಬೇಕು ಅಂತ ಕೇಳಿ ಬರೆಸಿಕೊಳ್ಳಿ.

ಊದುವ ಟೆಸ್ಟ್

ಸ್ಪೈರೋಮೆಟ್ರಿ ಅಥವಾ ಪಿಎಫ್‌ಟಿ. ಅಸ್ತಮಾ, ಸಿಒಪಿಡಿ ಬೇರೆ ಮಾಡಲು ಇದರಷ್ಟು ಉಪಯೋಗದ ಟೆಸ್ಟ್ ಇನ್ನೊಂದಿಲ್ಲ. ಜನ ಇದನ್ನೇ ತಪ್ಪಿಸಿಕೊಳ್ಳುತ್ತಾರೆ. ರಕ್ತ ತೆಗೆಯದ ಟೆಸ್ಟಿಗೆ ನಮ್ಮಲ್ಲಿ ಬೆಲೆ ಕಡಿಮೆ.

ರೂಮಿನೊಳಗೆ ಹೋದರೆ ಕುರ್ಚಿಯಲ್ಲಿ ಕೂರಿಸಿ ಮೂಗಿಗೆ ಕ್ಲಿಪ್ ಹಾಕುತ್ತಾರೆ. ಬಾಯಿಗೆ ಒಂದು ಕೊಳವೆ. ತುಟಿ ಬಿಗಿಯಾಗಿ ಮುಚ್ಚಬೇಕು, ಸಂದಿಯಲ್ಲಿ ಗಾಳಿ ಸೋರಬಾರದು. ಪೂರ್ತಿ ಉಸಿರು ಎಳೆದು ಒಮ್ಮೆಲೇ ಸ್ಫೋಟದ ಹಾಗೆ ಬಿಡಬೇಕು. "ಅಜ್ಜ, ಊದಿ, ಊದಿ, ಊದಿ, ನಿಲ್ಲಿಸ್ಬೇಡಿ, ಇನ್ನೂ, ಇನ್ನೂ!" ಅಂತ ಟೆಕ್ನೀಷಿಯನ್ ಕೂಗುತ್ತಲೇ ಇರುತ್ತಾರೆ. ಬೈಯುತ್ತಿದ್ದಾರೆ ಅಂತ ಅಜ್ಜ ಬೇಜಾರು ಮಾಡಿಕೊಳ್ಳುವುದೂ ಉಂಟು. ಎರಡು ಸೆಕೆಂಡಿಗೆ ಎಲ್ಲ ಖಾಲಿ ಆಯಿತು ಅನಿಸುತ್ತದೆ, ಆದರೆ ಸುಮಾರು ಆರು ಸೆಕೆಂಡ್ ಊದಬೇಕು. ಹೀಗೆ ಕಡಿಮೆ ಅಂದರೆ ಮೂರು ಸಲ. ಆಮೇಲೆ ಔಷಧಿ ಎಳೆಯಲು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಊದಿಸುತ್ತಾರೆ. ರಿಪೋರ್ಟಿನಲ್ಲಿ 'ಪ್ರೀ' ಮತ್ತು 'ಪೋಸ್ಟ್' ಅಂತ ಎರಡು ಕಾಲಂ ಇರುವುದು ಅದಕ್ಕೆ.

ಹೋಗುವ ಮೊದಲು ಹೊಟ್ಟೆ ಬಿರಿಯ ಊಟ ಬೇಡ, ಬಿಗಿ ಬಟ್ಟೆ ಬೇಡ. ಇನ್‌ಹೇಲರ್ ಎಷ್ಟು ಗಂಟೆ ಮೊದಲು ನಿಲ್ಲಿಸಬೇಕು ಅಂತ ಕೇಳಿಕೊಳ್ಳಿ. ಇತ್ತೀಚೆಗೆ ಕಣ್ಣಿನ ಆಪರೇಷನ್ ಅಥವಾ ಹಾರ್ಟ್ ಅಟ್ಯಾಕ್ ಆಗಿದ್ದರೆ ಮೊದಲೇ ಹೇಳಿ. ಎತ್ತರ ಸರಿಯಾಗಿ ಅಳೆಸಿ. ವಯಸ್ಸು, ಎತ್ತರ, ಗಂಡೋ ಹೆಣ್ಣೋ ಅನ್ನುವುದರ ಮೇಲೆ ಮೆಷಿನ್ ನಿಮ್ಮದು ಎಷ್ಟಿರಬೇಕು ಅಂತ ಲೆಕ್ಕ ಹಾಕುತ್ತದೆ. ಅದೇ 'ಪ್ರೆಡಿಕ್ಟೆಡ್'.

ಅಂಕಿಗಳಲ್ಲಿ ಮೂರು ಮುಖ್ಯ. ಎಫ್‌ವಿಸಿ ಅಂದರೆ ಪೂರ್ತಿ ಊದಿದಾಗ ಹೊರಬಂದ ಗಾಳಿ. ಎಫ್‌ಇವಿ1 ಅಂದರೆ ಅದರಲ್ಲಿ ಮೊದಲ ಸೆಕೆಂಡಿನಲ್ಲೇ ಬಂದದ್ದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ರೇಷಿಯೋ. ಔಷಧಿ ಎಳೆದ ಮೇಲೂ ರೇಷಿಯೋ 0.70ಕ್ಕಿಂತ ಕಡಿಮೆ ಇದ್ದರೆ ಕೊಳವೆಗಳಲ್ಲಿ ತಡೆ ಇದೆ, 'ಅಬ್‌ಸ್ಟ್ರಕ್ಷನ್'. ಸಿಒಪಿಡಿ ಹೇಳಲು ಇದು ಬೇಕೇ ಬೇಕು. ಎಫ್‌ವಿಸಿ ಕಡಿಮೆ ಇದ್ದು ರೇಷಿಯೋ ಸರಿ ಇದ್ದರೆ 'ರಿಸ್ಟ್ರಿಕ್ಷನ್' ಇರಬಹುದು, ಶ್ವಾಸಕೋಶ ಪೂರ್ತಿ ಹಿಗ್ಗುತ್ತಿಲ್ಲ.

ಈಗ ಪ್ರೀ, ಪೋಸ್ಟ್ ಹೋಲಿಸಿ. ಎಫ್‌ಇವಿ1 ಔಷಧಿಗೆ ಮೊದಲು 1.20 ಲೀಟರ್, ಆಮೇಲೆ 1.50 ಅಂತ ಇಟ್ಟುಕೊಳ್ಳಿ. 300 ಮಿಲಿಲೀಟರ್, ಅಂದರೆ ಶೇಕಡಾ 25 ಏರಿದೆ. 200 ಮಿಲಿಲೀಟರ್ ಮತ್ತು ಶೇಕಡಾ 12, ಎರಡೂ ದಾಟಿದರೆ 'ರಿವರ್ಸಿಬಲ್', ಅಂದರೆ ಔಷಧಿಗೆ ತಡೆ ಸಡಿಲಾಗುತ್ತದೆ, ಅನ್ನುವುದು ಬಹಳ ಕಾಲದಿಂದ ಬಂದ ಅಳತೆ. ಇದು ಅಸ್ತಮಾದ ಕಡೆ ಬೆರಳು ತೋರಿಸುತ್ತದೆ. 1.20 ಇದ್ದದ್ದು 1.28 ಮಾತ್ರ ಆದರೆ ರಿವರ್ಸಿಬಲ್ ಅಲ್ಲ. ಒಂದು ಮಾತು: ಅಸ್ತಮಾ ಇದ್ದವರಿಗೂ ಆರಾಮವಿರುವ ದಿನ ಈ ಟೆಸ್ಟ್ ನಾರ್ಮಲ್ ಬರಬಹುದು. ನಾರ್ಮಲ್ ಬಂತು ಅಂತ ಇನ್‌ಹೇಲರ್ ಬಿಸಾಡಬೇಡಿ.

ನಾವು 'ದಮ್ಮು' ಅಂತ ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಅಸ್ತಮಾ, ಸಿಒಪಿಡಿ, ಕೆಲವೊಮ್ಮೆ ಹೃದಯದ ತೊಂದರೆ ಎಲ್ಲ ಸೇರಿಕೊಂಡಿರುತ್ತದೆ. ಪಕ್ಕದ ಮನೆಯವರ ದಮ್ಮಿನ ಮದ್ದು ನಿಮಗೆ ಆಗುವುದಿಲ್ಲ ಅನ್ನಲು ಇದೇ ಕಾರಣ.

ಕಫ ಮತ್ತು ರಕ್ತದ ರಿಪೋರ್ಟ್

ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಮಂಗಳೂರಿನ ವೆನ್ಲಾಕ್, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಂಥ ಸರಕಾರಿ ಆಸ್ಪತ್ರೆಗಳಲ್ಲಿ ಟಿಬಿಯ ಪರೀಕ್ಷೆ, ಮದ್ದು ಎರಡೂ ಉಚಿತ. ಡಬ್ಬಿಯಲ್ಲಿ ಬೇಕಾದದ್ದು ಉಗುಳಲ್ಲ, ಕಫ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ತೆಗೆಯಿರಿ. ಮನೆಮಂದಿಯಿಂದ ದೂರ, ಬಯಲಲ್ಲಿ ನಿಂತು ಮಾಡಿ. ತೆಳ್ಳಗೆ, ನೊರೆ ನೊರೆ ಇದ್ದರೆ ಅದು ಉಗುಳು, ರಿಪೋರ್ಟ್ ನಂಬುವ ಹಾಗಿರುವುದಿಲ್ಲ.

ಎಎಫ್‌ಬಿ ಅಂದರೆ ಕಫಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಟಿಬಿ ರೋಗಾಣು ಹುಡುಕುವುದು. ನೆಗೆಟಿವ್ ಬಂದರೂ ಟಿಬಿ ಇಲ್ಲ ಅಂತ ಖಾತ್ರಿ ಇಲ್ಲ. ಸಿಬಿನ್ಯಾಟ್, ಟ್ರೂನ್ಯಾಟ್ ರೋಗಾಣುವಿನ ಜೀನ್ ಹುಡುಕುವ ಟೆಸ್ಟ್‌ಗಳು. ಟ್ರೂನ್ಯಾಟ್ ನಮ್ಮ ಪಕ್ಕದ ಗೋವಾದ ಕಂಪನಿಯದ್ದು. ಇದರ ರಿಪೋರ್ಟಿನಲ್ಲಿ ಎರಡು ಸಾಲು ಇರುತ್ತವೆ, ಮೋಸ ಹೋಗಬೇಡಿ. 'ಎಂಟಿಬಿ ಡಿಟೆಕ್ಟೆಡ್' ಅಂದರೆ ಟಿಬಿ ಇದೆ. ಕೆಳಗೆ 'ರಿಫ್ ರೆಸಿಸ್ಟೆನ್ಸ್ ನಾಟ್ ಡಿಟೆಕ್ಟೆಡ್' ಅಂದರೆ ರಿಫಾಂಪಿಸಿನ್ ಅನ್ನುವ ಮುಖ್ಯ ಮದ್ದು ಕೆಲಸ ಮಾಡುತ್ತದೆ. 'ನಾಟ್ ಡಿಟೆಕ್ಟೆಡ್' ಮಾತ್ರ ಓದಿ ಟಿಬಿ ಇಲ್ಲ ಅಂತ ಮನೆಗೆ ಹೋಗುವವರಿದ್ದಾರೆ. ಇಂಥ ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳು ಮದ್ದು, ಅರ್ಧಕ್ಕೆ ಬಿಡುವ ಹಾಗಿಲ್ಲ. ಕೈಯ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಟೆಸ್ಟ್ ಪಾಸಿಟಿವ್ ಅಂದರೆ ಟಿಬಿ ರೋಗ ಅಂತಲ್ಲ. ರೋಗಾಣು ಯಾವಾಗಲೋ ಮೈ ಸೇರಿರಬಹುದು, ಬಿಸಿಜಿ ಲಸಿಕೆಯಿಂದಲೂ ಹಾಗೆ ಬರಬಹುದು.

ರಕ್ತದಲ್ಲಿ ಎಇಸಿ ನೋಡಿ. ಇಯೊಸಿನೊಫಿಲ್ ಅನ್ನುವ ಕಣಗಳ ಎಣಿಕೆ. ಅಲರ್ಜಿ, ಅಸ್ತಮಾ, ಹುಳದ ತೊಂದರೆಯಲ್ಲಿ ಏರುತ್ತದೆ. ಅದು 3,000 ದಾಟಿ, ರಾತ್ರಿ ಹೊತ್ತು ಕೆಮ್ಮು, ಸಿಳ್ಳೆ ಜಾಸ್ತಿ ಇದ್ದರೆ ಟ್ರಾಪಿಕಲ್ ಪಲ್ಮನರಿ ಇಯೊಸಿನೊಫಿಲಿಯಾ ಇರಬಹುದು ಅಂತ ಡಾಕ್ಟರು ಯೋಚಿಸುತ್ತಾರೆ. ಆನೆಕಾಲಿನ ಹುಳಕ್ಕೆ ಮೈ ತೋರಿಸುವ ಅಲರ್ಜಿ ಅದು. ನೋಡಲು ಅಸ್ತಮಾದ ಹಾಗೇ ಇರುತ್ತದೆ, ಮದ್ದು ಬೇರೆ.

ಎಬಿಜಿ ಅಂದರೆ ಮಣಿಕಟ್ಟಿನ ಅಪಧಮನಿಯಿಂದ ತೆಗೆಯುವ ರಕ್ತ. ಮಾಮೂಲಿ ಸೂಜಿಗಿಂತ ಸ್ವಲ್ಪ ಜಾಸ್ತಿ ನೋವು. ರಕ್ತದ ಆಮ್ಲೀಯತೆ ಹೇಳುವ ಪಿಎಚ್ 7.35ರಿಂದ 7.45, ಇಂಗಾಲದ ಡೈಆಕ್ಸೈಡ್ ಹೇಳುವ ಪಿಸಿಒ2 35ರಿಂದ 45 ಇದ್ದರೆ ಸರಿ. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ರಕ್ತದ ಆಮ್ಲಜನಕ ಹೇಳುವ ಎಸ್‌ಪಿಒ2 95 ಮತ್ತು ಮೇಲೆ ಇರಬೇಕು. ಉಗುರಿಗೆ ಬಣ್ಣ ಇದ್ದರೆ, ಕೈ ತಣ್ಣಗಿದ್ದರೆ ತಪ್ಪು ತೋರಿಸಬಹುದು. ಸಿಒಪಿಡಿ ಇದ್ದವರಿಗೆ ಡಾಕ್ಟರು 88ರಿಂದ 92 ಸಾಕು ಅನ್ನಬಹುದು. ಉಳಿದವರಿಗೆ 90ಕ್ಕಿಂತ ಕೆಳಗಿಳಿದರೆ, ಅಥವಾ ಯಾರಿಗೇ ಆಗಲಿ ತುಟಿ ನೀಲಿಯಾದರೆ, ಒಂದು ವಾಕ್ಯ ಮಾತಾಡಲು ಉಸಿರು ಸಾಲದಿದ್ದರೆ ರಿಪೋರ್ಟ್ ಓದುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಬ್ರಾಂಕೋಸ್ಕೋಪಿ ಬರೆದರೆ ಮೂಗಿನಿಂದಲೋ ಬಾಯಿಯಿಂದಲೋ ತೆಳ್ಳಗಿನ ಕ್ಯಾಮೆರಾ ಕಳಿಸಿ ಒಳಗೆ ನೋಡುತ್ತಾರೆ. 'ಬಿಎಎಲ್' ಅಂದರೆ ಸ್ವಲ್ಪ ನೀರು ಬಿಟ್ಟು ತೊಳೆದು ತೆಗೆದ ಮಾದರಿ. ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಟೆಸ್ಟ್ ಆದ ಮೇಲೆ ಗಂಟಲಿನ ಮರಗಟ್ಟಿದ್ದು ಬಿಡುವವರೆಗೆ ನೀರು ಕೂಡ ಬೇಡ.

ಡಾಕ್ಟರ ರೂಮಿಗೆ ಹೋಗುವ ಮೊದಲು

ಅವರಿಗೆ ರಿಪೋರ್ಟಿನಲ್ಲಿ ಸಿಗದ ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. "ಬೀಡಿ, ಸಿಗರೇಟು ಉಂಟಾ?" ಅಂದರೆ ಅಮ್ಮ "ಇಲ್ಲ" ಅನ್ನುತ್ತಾರೆ. ನಿಜ. ಆದರೆ ನಲವತ್ತು ವರ್ಷ ಬಚ್ಚಲ ಒಲೆಗೆ ಮಡಲು, ಸಿಪ್ಪೆ ಹಾಕಿ ಊದಿದ್ದನ್ನು ಹೇಳುವುದಿಲ್ಲ. ಆ ಹೊಗೆಯಿಂದಲೂ ಸಿಒಪಿಡಿ ಬರುತ್ತದೆ. ಬೀಡಿ ಕಟ್ಟುವವರು, ಹಂಚು ಅಥವಾ ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿದವರು, ಅಡಿಕೆ ತೋಟಕ್ಕೆ ಮದ್ದು ಬಿಡುವವರು ಅದನ್ನು ಹೇಳಬೇಕು. ಫ್ಲ್ಯಾಟಿನ ಬಾಲ್ಕನಿಯಲ್ಲಿ ಪಾರಿವಾಳ ಗೂಡು ಕಟ್ಟಿದ್ದರೆ ಅದನ್ನೂ ಹೇಳಿ. ಹಿಕ್ಕೆಯ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಅಲರ್ಜಿ ರೋಗವೇ ಒಂದಿದೆ, ಹೈಪರ್‌ಸೆನ್ಸಿಟಿವಿಟಿ ನಿಮೊನೈಟಿಸ್. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿದಾಗ ಕೆಮ್ಮು ಜಾಸ್ತಿ ಆಗುತ್ತದಾ ಅನ್ನುವುದೂ ಉಪಯೋಗದ ಮಾಹಿತಿ.

ಫೈಲನ್ನು ತಾರೀಕಿನ ಪ್ರಕಾರ ಜೋಡಿಸಿ, ಹೊಸದು ಮೇಲೆ. ಸಿಟಿಯ ರಿಪೋರ್ಟ್ ಜೊತೆ ಸಿಡಿಯೂ ಇರಲಿ. ಫಿಲ್ಮ್‌ಗಳನ್ನು ಒದ್ದೆ ಗೋಡೆಗೆ ಒರಗಿಸಿ ಇಡಬೇಡಿ, ನಮ್ಮ ಜುಲೈ ತಿಂಗಳಿನ ತೇವಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಕೇಳಲು ಮೂರು ಪ್ರಶ್ನೆ ಸಾಕು. ಇದರಲ್ಲಿ ಖಚಿತವಾದ ರೋಗ ಯಾವುದು, ಅನುಮಾನ ಯಾವುದು? ಮುಂದಿನ ಟೆಸ್ಟ್ ಯಾವುದನ್ನು ತಿಳಿಯಲು? ಮತ್ತೆ ಎಕ್ಸ್‌ರೇ ಯಾವಾಗ? ನಿಮೋನಿಯಾ ಆದವರು ಮೂರನೆಯದನ್ನು ಕೇಳಲೇಬೇಕು. ಜ್ವರ, ಕೆಮ್ಮು ಹೋದ ಮೇಲೂ ಎಕ್ಸ್‌ರೇಯ ಬಿಳಿ ಕಲೆ ಹೋಗಲು ವಾರಗಟ್ಟಲೆ ಬೇಕು, ವಯಸ್ಸಾದವರಿಗೆ ಇನ್ನೂ ನಿಧಾನ. ಹತ್ತೇ ದಿನಕ್ಕೆ ಅವಸರಪಟ್ಟು ತೆಗೆಸಿದರೆ 'ಒಪ್ಯಾಸಿಟಿ ಪರ್ಸಿಸ್ಟ್ಸ್' ಅಂತ ಬಂದು ಮನೆಯವರೆಲ್ಲ ಮತ್ತೆ ಹೆದರುತ್ತಾರೆ. ಐವತ್ತು ದಾಟಿದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬಿಟ್ಟು ಬರಲು ಹೇಳುತ್ತಾರೆ. ಆ ಕಲೆಯ ಹಿಂದೆ ಬೇರೆ ಏನಾದರೂ ಅಡಗಿತ್ತಾ ಅಂತ ಆಗ ಗೊತ್ತಾಗುತ್ತದೆ.